ಆನ್‌ಲೈನ್ ವ್ಯಾಪಾರ ಹಲಾಲಾಗಿ ಮಾಡುದು ಹೇಗೆ: ಕರಾವಳಿಯ ಸಣ್ಣ ವ್ಯಾಪಾರಿಗಳಿಗೊಂದು ಮಾರ್ಗದರ್ಶಿ

ಇನ್‌ಸ್ಟಾಗ್ರಾಮಲ್ಲಿ ಅಬಾಯ (ಹೆಂಗಸರ ಉದ್ದ ಮೇಲುಡುಪು) ಮಾರುವವರು, ವಾಟ್ಸಾಪ್ ಗ್ರೂಪಲ್ಲಿ ಗೇರುಬೀಜ ಖರ್ಜೂರ ಮಾರುವವರು, ಅತ್ತರ್ ಇಟ್ಟಿರುವ ಕಾಲೇಜು ಹುಡುಗರು, ಮನೆಯಲ್ಲೇ ಕೇಕ್ ಮಾಡಿ ಆರ್ಡರ್ ತಗೊಳ್ಳುವ ಹೆಂಗಸರು, ಇವರೆಲ್ಲ ಮತ್ತೆ ಮತ್ತೆ ಕೇಳುದು ಒಂದೇ, ನಾನು ಮಾಡ್ತಿರುದು ಹಲಾಲಾ, ಧರ್ಮಕ್ಕೆ ಸಮ್ಮತವಾ ಅಂತ. ಮಂಗಳೂರಲ್ಲೂ ಅದೇ ಪ್ರಶ್ನೆ, ಉಡುಪಿ ಮಣಿಪಾಲದಲ್ಲೂ ಅದೇ. ಹಾಗಾಗಿ ಒಂದು ಸಲ ಕೂತು ಎಲ್ಲ ಒಟ್ಟಿಗೆ ಬರೆದುಬಿಡುವ ಅಂತ ಇದು.

ಹೆಚ್ಚಿನವರ ತಲೆಯಲ್ಲಿ ಹಲಾಲ್ ಅಂದ್ರೆ ಸಾಮಾನು ಹಲಾಲ್ ಅಂತ ಮಾತ್ರ ಉಂಟು, ಹೆಂಡ ಮಾರುದಿಲ್ಲ, ಹಂದಿ ಮಾರುದಿಲ್ಲ, ಮತ್ತೆಂತ ಭಯ ಅಂತ. ಆದ್ರೆ ಆನ್‌ಲೈನಲ್ಲಿ ಜನ ಎಡವುದು ಅಲ್ಲಲ್ಲ. ಗಿರಾಕಿ ದುಡ್ಡು ಹಾಕಿದ ಮೇಲೆ ಸಾಮಾನು ಅವರ ಕೈ ಸೇರುವ ತನಕ ನಡುವೆ ನಾಲ್ಕೈದು ದಿನ ಉಂಟಲ್ಲ, ಎಡವುದು ಅಲ್ಲಿ. ಆಗ ಸಾಮಾನು ಯಾರದ್ದು, ಹಾಳಾದ್ರೆ ನಷ್ಟ ಯಾರ ತಲೆಗೆ, ಹೇಳಿದ್ದೆಂತ ಕೊಟ್ಟದ್ದೆಂತ, ಇಷ್ಟಕ್ಕೆ ಸರಿಯಾದ ಉತ್ತರ ಇದ್ರೆ ಮುಕ್ಕಾಲು ಕೆಲಸ ಮುಗೀತು. ನಷ್ಟದ ಹೊಣೆ ಯಾರು ಹೊರ್ತಾರೋ ಲಾಭವೂ ಅವರಿಗೇ ಅಂತ ಹದೀಸಿನಲ್ಲಿ, ಅಂದ್ರೆ ಪ್ರವಾದಿಯವರ (ಸ) ನುಡಿಗಳಲ್ಲಿ, ಒಂದು ತತ್ವ ಉಂಟು, ಈ ಲೇಖನದ ಅರ್ಧ ಅದೇ.

ಇನ್ನೊಂದು ವಿಷಯ. ನಮ್ಮಲ್ಲಿ ಬ್ಯಾರಿಗಳು, ಭಟ್ಕಳದ ನವಾಯತರು ಹೆಚ್ಚಾಗಿ ಶಾಫಿಈ ಮದ್‌ಹಬ್‌ನವರು, ಉರ್ದು ಮಾತಾಡುವ ದಖ್ನಿ ಮನೆಗಳಲ್ಲಿ ಹೆಚ್ಚಾಗಿ ಹನಫಿ. ಮದ್‌ಹಬ್ ಅಂದ್ರೆ ಫಿಕ್ಹ್‌ನ (ಇಸ್ಲಾಮಿ ಧರ್ಮಶಾಸ್ತ್ರದ) ಒಂದು ಪರಂಪರೆ. ವ್ಯಾಪಾರದ ಕೆಲವು ವಿಷಯಗಳಲ್ಲಿ ಈ ಎರಡರ ನಡುವೆ ವ್ಯತ್ಯಾಸ ಉಂಟು, ಅಂಥದ್ದು ಬಂದಲ್ಲಿ ಹೇಳ್ತೇನೆ. ಯೂಟ್ಯೂಬಲ್ಲಿ ಯಾರೋ ಹೇಳಿದ್ದನ್ನು ಕೇಳಿ ಒಂದು ಕಡೆಯಿಂದ ಅರ್ಧ ಇನ್ನೊಂದು ಕಡೆಯಿಂದ ಅರ್ಧ ತಗೊಂಡು ಸುಲಭ ಆದ್ದನ್ನು ಮಾತ್ರ ಜೋಡಿಸ್ಬೇಡಿ.

ಆನ್‌ಲೈನಲ್ಲಿ ಮಾತು ಆಡಿದ್ರೆ ಅದು ವ್ಯಾಪಾರ ಆಗ್ತದಾ ಅನ್ನುವ ಸಂಶಯ ಇನ್ನೂ ಕೆಲವರಿಗೆ ಉಂಟು. ಅಂತರರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ 1990ರಲ್ಲೇ ಜಿದ್ದಾದಲ್ಲಿ ಈ ಬಗ್ಗೆ ನಿರ್ಣಯ ಮಾಡಿದೆ, ದೂರದಲ್ಲಿದ್ದವರು ಫೋನು, ಫ್ಯಾಕ್ಸು, ಕಂಪ್ಯೂಟರ್ ಮೂಲಕ ಮಾಡಿದ ಒಪ್ಪಂದವೂ ಸಿಂಧು ಅಂತ. ನಿಕಾಹ್, ಹಣ ವಿನಿಮಯದಂಥ ಕೆಲವಕ್ಕೆ ಮಾತ್ರ ಬೇರೆ ಷರತ್ತು. ಹಾಗಾಗಿ ವಾಟ್ಸಾಪಲ್ಲಿ "ಕನ್ಫರ್ಮ್" ಅಂತ ಬರೆದ್ರೆ ಅದು ಆಟ ಅಲ್ಲ, ಒಪ್ಪಂದವೇ.

ಶುರು ಮಾಡುವ ಮೊದಲು ಕೈಯಲ್ಲಿ ಇರ್ಬೇಕಾದ್ದು

ವ್ಯಾಪಾರಕ್ಕೆ ಅಂತಲೇ ಒಂದು ಕರೆಂಟ್ ಅಕೌಂಟ್ ಮಾಡಿ. ಅದಕ್ಕೆ ಬಡ್ಡಿ ಬರುದಿಲ್ಲ, ಅದೊಂದು ದೊಡ್ಡ ನೆಮ್ಮದಿ, ಮತ್ತೆ ಮನೆ ಖರ್ಚು ವ್ಯಾಪಾರದ ದುಡ್ಡು ಬೆರೆಯುದಿಲ್ಲ, ವರ್ಷದ ಕೊನೆಗೆ ಝಕಾತ್ (ಕಡ್ಡಾಯ ದಾನ) ಲೆಕ್ಕ ಹಾಕ್ಲಿಕ್ಕೂ ಸುಲಭ. ಈಗಾಗಲೇ ಎಸ್‌ಬಿ (ಉಳಿತಾಯ) ಅಕೌಂಟಲ್ಲಿ ಬಡ್ಡಿ ಬಿದ್ದಿದ್ರೆ ಆ ಮೊತ್ತ ಬೇರೆ ತೆಗೆದು ಪುಣ್ಯದ ಆಸೆ ಇಟ್ಟುಕೊಳ್ಳದೆ ಬಡವರಿಗೆ ಕೊಟ್ಟುಬಿಡಿ ಅಂತ ಉಲಮಾಗಳು, ಅಂದ್ರೆ ಧರ್ಮ ವಿದ್ವಾಂಸರು, ಹೇಳ್ತಾರೆ.

ಒಂದು ಲೆಕ್ಕದ ಪುಸ್ತಕ ಬೇಕು, ಎಕ್ಸೆಲ್ ಆದ್ರೂ ಆಯ್ತು. ಕುರ್‌ಆನಿನ ಅತಿ ಉದ್ದದ ಆಯತ್ (ವಚನ) ಯಾವುದು ಗೊತ್ತುಂಟಾ? ಅಲ್‌ಬಕರ ಅಧ್ಯಾಯದ 282ನೇದು, ಅದು ಇರುದೇ ಸಾಲದ ವ್ಯವಹಾರವನ್ನು ಬರೆದಿಡಿ, ಸಾಕ್ಷಿ ಇಟ್ಟುಕೊಳ್ಳಿ ಅಂತ ಹೇಳ್ಲಿಕ್ಕೆ. ಆದ್ರೂ ನಮ್ಮ ಜನ "ಅವ ನಮ್ಮವನೇ ಅಲ್ವಾ, ಎಂತಕ್ಕೆ ಬರೆಯುದು" ಅಂತ ಬಿಡ್ತಾರೆ, ಆಮೇಲೆ ಅಣ್ಣತಮ್ಮಂದಿರೇ ಮಾತು ಬಿಡುವ ತನಕ ಹೋಗ್ತದೆ.

ಸರಕಾರಿ ಕಾಗದ ಪತ್ರದ ಬಗ್ಗೆ ಉದಾಸೀನ ಬೇಡ. ಸಾಮಾನು ಮಾರುವವರಿಗೆ ಕರ್ನಾಟಕದಲ್ಲಿ ವರ್ಷಕ್ಕೆ 40 ಲಕ್ಷದ ತನಕ ಜಿಎಸ್‌ಟಿ ನೋಂದಣಿ ಕಡ್ಡಾಯ ಅಲ್ಲ, ಸೇವೆಗೆ 20 ಲಕ್ಷ. ಆದ್ರೆ ಹೊರರಾಜ್ಯಕ್ಕೆ ಸಾಮಾನು ಮಾರುದಾದ್ರೆ, ಕರಕುಶಲ ವಸ್ತುಗಳಂಥ ಕೆಲವಕ್ಕೆ ವಿನಾಯಿತಿ ಬಿಟ್ರೆ, ವಹಿವಾಟು ಎಷ್ಟೇ ಸಣ್ಣದಿರ್ಲಿ ನೋಂದಣಿ ಬೇಕು. ನಮ್ಮ ಕಡೆಯವರು ತಪ್ಪುದು ಇಲ್ಲೇ, ತಲಪಾಡಿ ದಾಟಿದ್ರೆ ಅದು ಕೇರಳ, ಮಂಜೇಶ್ವರದ ಅತ್ತೆ ಮಗಳಿಗೆ ಮಾರಿದ ಅಬಾಯವೂ ಹೊರರಾಜ್ಯದ ಮಾರಾಟವೇ. ತಿಂಡಿ ಮಾರುದಾದ್ರೆ ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದ್ರೆ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿ, 14 ಅಂಕಿಯ ನಂಬರ್ ಕೊಡ್ತಾರೆ, ಅದು ಪ್ಯಾಕೆಟ್ ಮೇಲೆ ಇರ್ಬೇಕು. ಸಿಎ ಹತ್ರ ಒಂದು ಸಲ ಕೂತು ಎಲ್ಲ ಕೇಳ್ಕೊಳ್ಳಿ.

ಹಂತ 1: ಎಂತ ಮಾರುದು ಅಂತ ನಿಶ್ಚಯ ಮಾಡುದು

ಇದು ಬೇಗ ಮುಗಿಯುವ ಹಂತ. ಹರಾಂ ವಸ್ತು ಬೇಡ ಅನ್ನುದು ಎಲ್ಲರಿಗೂ ಗೊತ್ತು. ಜನ ಗಮನ ಕೊಡದ ಎರಡು ಮಾತ್ರ ಹೇಳ್ತೇನೆ.

ಒಂದು, ಫಸ್ಟ್ ಕಾಪಿ. ದೊಡ್ಡ ಬ್ರಾಂಡಿನ ಹೆಸರು ಹಾಕಿದ ನಕಲಿ ವಾಚು, ಶೂ, ಬ್ಯಾಗು. "ನಾನು ಗಿರಾಕಿಗೆ ಕಾಪಿ ಅಂತಲೇ ಹೇಳ್ತೇನಲ್ಲ, ಮೋಸ ಎಲ್ಲಿಂದ" ಅಂತ ಕೇಳ್ತಾರೆ. ಗಿರಾಕಿಗೆ ಮೋಸ ಆಗದೆ ಇರ್ಬಹುದು, ಬ್ರಾಂಡಿನವನ ಹಕ್ಕಿಗೆ ಕೈ ಹಾಕಿದ್ದೀರಲ್ಲ. ವ್ಯಾಪಾರದ ಹೆಸರು, ಟ್ರೇಡ್‌ಮಾರ್ಕ್ ಇವೆಲ್ಲ ಒಡೆಯನ ಆಸ್ತಿ, ಅದನ್ನು ಅತಿಕ್ರಮಿಸಬಾರದು ಅಂತ ಅದೇ ಫಿಕ್ಹ್ ಅಕಾಡೆಮಿ 1988ರಲ್ಲಿ ಹೇಳಿದೆ. ಕಾನೂನಿನಲ್ಲೂ ಅಪರಾಧ.

ಎರಡು, ಚಿನ್ನ ಬೆಳ್ಳಿ. ಇದಕ್ಕೆ ಬೇರೆಯೇ ನಿಯಮ, ದುಡ್ಡು ಮತ್ತು ಚಿನ್ನ ಒಂದೇ ಕೂಟದಲ್ಲಿ ಕೈಗೆ ಕೈ ಬದಲಾಗ್ಬೇಕು. ಇವತ್ತು ದುಡ್ಡು ಹಾಕಿ ನಾಲ್ಕು ದಿನ ಬಿಟ್ಟು ಕೊರಿಯರಲ್ಲಿ ಬರುದು, ಕಂತಲ್ಲಿ ಕೊಡುದು, ಇದೆಲ್ಲ ತೊಂದರೆಯ ವಿಷಯ. ಇಮಿಟೇಶನ್ ಆಭರಣಕ್ಕೆ ಈ ನಿಯಮ ಇಲ್ಲ. ಹೊಸಬರು ಅಸಲಿ ಚಿನ್ನಕ್ಕೆ ಆನ್‌ಲೈನಲ್ಲಿ ಕೈ ಹಾಕುದೇ ಬೇಡ ಅಂತ ನನ್ನ ಅಭಿಪ್ರಾಯ.

ಹಂತ 2: ಬಂಡವಾಳ ಎಲ್ಲಿಂದ

ರಿಬಾ ಅಂದ್ರೆ ಬಡ್ಡಿ. ಅಲ್ಲಾಹನು ವ್ಯಾಪಾರವನ್ನು ಹಲಾಲ್ ಮಾಡಿದ್ದಾನೆ, ಬಡ್ಡಿಯನ್ನು ಹರಾಂ ಮಾಡಿದ್ದಾನೆ ಅಂತ ಕುರ್‌ಆನ್ 2:275ರಲ್ಲಿ ಬಹಳ ಸ್ಪಷ್ಟ ಉಂಟು. ಬಿಸ್ನೆಸ್ ಲೋನ್, ಓವರ್‌ಡ್ರಾಫ್ಟ್, ಗೋಲ್ಡ್ ಲೋನ್, ಕ್ರೆಡಿಟ್ ಕಾರ್ಡಲ್ಲಿ ಸ್ಟಾಕ್ ತೆಗೆದು ಬಾಕಿ ಮುಂದೂಡುದು, ಆಪ್‌ನವರು "ನಿಮ್ಮ ಸೇಲ್ಸ್ ನೋಡಿ ಸಾಲ ಕೊಡ್ತೇವೆ" ಅಂತ ಕಳಿಸುವ ಮೆಸೇಜು, ಇದೆಲ್ಲ ಅದರೊಳಗೇ ಬರ್ತದೆ.

ನಮ್ಮಲ್ಲಿ ಹೆಚ್ಚು ನಡೆಯುದು ಗಲ್ಫಿನಲ್ಲಿರುವ ಭಾವನೋ ಮಾಮನೋ ದುಡ್ಡು ಹಾಕುದು. ಅದು ಬಹಳ ಒಳ್ಳೆ ದಾರಿ, ಆದ್ರೆ ಮಾತು ಆಡುವ ರೀತಿ ತಪ್ಪಿದ್ರೆ ಅದೇ ಬಡ್ಡಿ ಆಗಿಬಿಡ್ತದೆ. ಭಾವ 3 ಲಕ್ಷ ಕೊಟ್ಟು "ತಿಂಗಳಿಗೆ 5,000 ಕೊಡು, ಅಸಲು ಹಾಗೇ ಇರ್ಲಿ" ಅಂದ್ರೆ ಅದು ಬಡ್ಡಿ, ಹೆಸರು ಲಾಭ ಅಂತ ಇಟ್ರೂ ಬಡ್ಡಿಯೇ. ಸರಿಯಾದ ರೀತಿ ಮುದಾರಬ, ಅಂದ್ರೆ ಒಬ್ಬರ ದುಡ್ಡು ಇನ್ನೊಬ್ಬರ ದುಡಿಮೆ. ಲಾಭ ಬಂದ್ರೆ 60ಕ್ಕೆ 40 ಅಂತಲೋ ಅರ್ಧರ್ಧ ಅಂತಲೋ ಮೊದಲೇ ಪಾಲು ಮಾತಾಡಿಕೊಳ್ಬೇಕು, ಪಾಲು ಲಾಭದ ಮೇಲೆ ಇರ್ಬೇಕು, ಹಾಕಿದ ದುಡ್ಡಿನ ಮೇಲಲ್ಲ. ನಷ್ಟ ಆದ್ರೆ, ನಿಮ್ಮ ಬೇಜವಾಬ್ದಾರಿಯಿಂದ ಆದದ್ದು ಅಲ್ಲದಿದ್ರೆ, ದುಡ್ಡು ಹೋಗುದು ಭಾವನದ್ದು, ನಿಮ್ಮದು ಹೋಗುದು ದುಡಿದ ಶ್ರಮ. ಇಬ್ಬರೂ ದುಡ್ಡು ಹಾಕಿದ್ರೆ ಅದು ಮುಶಾರಕ, ಅಲ್ಲಿ ನಷ್ಟ ಹಾಕಿದ ದುಡ್ಡಿನ ಪ್ರಮಾಣದಲ್ಲೇ ಹಂಚಬೇಕು, ಅವರದ್ದು 2 ಲಕ್ಷ ನಿಮ್ಮದು 1 ಲಕ್ಷ ಆದ್ರೆ ನಷ್ಟವೂ ಎರಡಕ್ಕೆ ಒಂದು. ಇದನ್ನು ಸ್ಟಾಂಪ್ ಪೇಪರಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಭಾವನಿಗೆ ಬೇಜಾರಾಗ್ತದೆ ಅಂತ ಹಿಂಜರಿಬೇಡಿ.

ಸ್ಟೇಟಸ್ ಹಾಕಿ ಊರಿನವರ ಹತ್ರ "ಹಲಾಲ್ ಇನ್ವೆಸ್ಟ್‌ಮೆಂಟ್" ಅಂತ ದುಡ್ಡು ಎತ್ತುದಂತೂ ಖಂಡಿತ ಬೇಡ. 2019ರಲ್ಲಿ ಬೆಂಗಳೂರಿನ ಐಎಂಎ ಕಂಪನಿಯ ಪ್ರಕರಣದಲ್ಲಿ ಹಲಾಲ್ ಲಾಭ ಅಂತ ನಂಬಿ ಸಾವಿರಾರು ಮನೆಯವರು ಉಳಿತಾಯ ಕಳಕೊಂಡದ್ದು ಕಣ್ಣ ಮುಂದೆ ಉಂಟು. ಅದೇ ವರ್ಷ ಅನಿಯಂತ್ರಿತ ಠೇವಣಿ ಯೋಜನೆಗಳನ್ನು ನಿಷೇಧಿಸುವ ಕಾಯ್ದೆಯೂ ಬಂದಿದೆ, ಅಂದ್ರೆ ಸಾರ್ವಜನಿಕರಿಂದ ಹಾಗೆ ದುಡ್ಡು ತಗೊಳ್ಳುದು ಜೈಲಿಗೆ ಹೋಗುವ ಕೆಲಸ.

ಹಂತ 3: ಮಾರುವ ಮೊದಲು ಸಾಮಾನು ನಿಮ್ಮದಾಗಿರ್ಬೇಕು

ಅತಿ ಹೆಚ್ಚು ಪ್ರಶ್ನೆ ಬರುದು ಇದರ ಬಗ್ಗೆ, ನಿಧಾನಕ್ಕೆ ಓದಿ.

ಈಗ ನಡೆಯುದು ಹೇಗೆ ಅಂದ್ರೆ, ಸೂರತ್‌ನ ಸಪ್ಲೈಯರ್ ಗ್ರೂಪಲ್ಲಿ ಫೋಟೋ ಹಾಕ್ತಾನೆ, 900 ಅಂತ. ನೀವು ಅದೇ ಫೋಟೋ ನಿಮ್ಮ ಪೇಜಲ್ಲಿ 1,250 ಅಂತ ಹಾಕ್ತೀರಿ. ತೊಕ್ಕೊಟ್ಟಿನ ಒಬ್ರು ಗೂಗಲ್ ಪೇ ಮಾಡ್ತಾರೆ. ಆಮೇಲೆ ನೀವು ಸೂರತ್‌ಗೆ 900 ಕಳಿಸಿ ಅವರ ಅಡ್ರೆಸ್ ಕೊಡ್ತೀರಿ, ಸಾಮಾನು ಸೀದಾ ಅವರ ಮನೆಗೆ ಹೋಗ್ತದೆ. ಇದನ್ನು ಡ್ರಾಪ್‌ಶಿಪ್ಪಿಂಗ್ ಅಂತಾರೆ, ನಮ್ಮಲ್ಲಿ ರೀಸೆಲ್ಲಿಂಗ್ ಅಂತಲೂ ಹೇಳ್ತಾರೆ. ತೊಂದರೆ ಎಂತ ಅಂದ್ರೆ ದುಡ್ಡು ತಗೊಂಡ ಹೊತ್ತಿಗೆ ಆ ಅಬಾಯ ನಿಮ್ಮದಲ್ಲ, ನೀವು ಅದನ್ನು ಕಂಡದ್ದೂ ಇಲ್ಲ. ಪ್ರವಾದಿಯವರ ಅನುಚರ ಹಕೀಂ ಇಬ್ನ್ ಹಿಝಾಂ (ರ) ಇದೇ ಪ್ರಶ್ನೆ ಪ್ರವಾದಿಯವರ (ಸ) ಹತ್ರ ಕೇಳಿದ್ರು, ಜನ ನನ್ನಲ್ಲಿ ಇಲ್ಲದ ಸಾಮಾನು ಕೇಳ್ತಾರೆ, ನಾನು ಮಾರಿ ಆಮೇಲೆ ಪೇಟೆಯಿಂದ ತಂದು ಕೊಡ್ಲಾ ಅಂತ. ನಿನ್ನಲ್ಲಿ ಇಲ್ಲದ್ದನ್ನು ಮಾರಬೇಡ ಅಂತ ಉತ್ತರ ಬಂತು. ಒಂದೂವರೆ ಸಾವಿರ ವರ್ಷ ಹತ್ರ ಆಗ್ತಾ ಬಂತು, ಪ್ರಶ್ನೆ ಮಾತ್ರ ನಿನ್ನೆ ವಾಟ್ಸಾಪಲ್ಲಿ ಬಂದ ಹಾಗೆಯೇ ಉಂಟು.

ಹಾಗಾದ್ರೆ ಸ್ಟಾಕ್ ಇಡ್ಲಿಕ್ಕೆ ದುಡ್ಡಿಲ್ಲದವರು ಎಂತ ಮಾಡುದು? ದಾರಿ ಉಂಟು, ಒಂದಲ್ಲ.

ಮೊದಲನೇದು ಏಜೆಂಟ್ ಆಗುದು, ಇದಕ್ಕೆ ವಕಾಲ ಅಂತಾರೆ. ಸಪ್ಲೈಯರ್ ಹತ್ರ ಸರಿಯಾಗಿ ಮಾತಾಡಿ, ನಾನು ನಿಮ್ಮ ಪರವಾಗಿ ಮಾರ್ತೇನೆ, ಒಂದು ಪೀಸಿಗೆ ನನಗೆ 200 ಕಮಿಷನ್ ಅಂತ. ಆಗ ಸಾಮಾನು ಅವನದ್ದು, ಮಾರುದು ಅವನ ಪರವಾಗಿ, ನಿಮಗೆ ಕೆಲಸದ ಕೂಲಿ. ಕಮಿಷನ್ ಎಷ್ಟು ಅಂತ ನಿಗದಿ ಇರ್ಲಿ. "ನನಗೆ 900 ಕೊಡು, ಮೇಲೆ ಬಂದದ್ದೆಲ್ಲ ನಿನಗೆ" ಅನ್ನುವ ಪದ್ಧತಿಯಲ್ಲಿ ಕೂಲಿ ಎಷ್ಟು ಅಂತ ಗೊತ್ತಿರುದಿಲ್ಲ, ಅದರ ಬಗ್ಗೆ ಉಲಮಾಗಳಲ್ಲಿ ಭಿನ್ನಾಭಿಪ್ರಾಯ ಉಂಟು, ಆ ಗೊಂದಲವೇ ಬೇಡ.

ಎರಡನೇದು ಸ್ವಲ್ಪವೇ ಆದ್ರೂ ತರಿಸಿ ಇಟ್ಟು ಮಾರುದು. ಐದು ಪೀಸ್ ತರಿಸಿ, ಕೈಗೆ ಬಂದ ಮೇಲೆ ಫೋಟೋ ಹಾಕಿ, ಖಾಲಿ ಆದ್ರೆ ಇನ್ನೈದು. ಹೀಗೆ ವಶಕ್ಕೆ ತಗೊಳ್ಳುದಕ್ಕೆ ಕಬ್ಳ್ ಅಂತಾರೆ. ನಿಮಗೆ ಹೋಗ್ಲಿಕ್ಕೆ ಆಗದಿದ್ರೆ ಅಲ್ಲಿರುವ ಪರಿಚಯದವರು ನಿಮ್ಮ ಪರವಾಗಿ ಸಾಮಾನು ತಗೊಂಡ್ರೂ ಅದು ನಿಮ್ಮ ವಶವೇ. ಶಾಫಿಈಗಳಲ್ಲಿ ಯಾವ ಸಾಮಾನೇ ಆಗ್ಲಿ ವಶಕ್ಕೆ ಬಾರದೆ ಮುಂದೆ ಮಾರುವಂತಿಲ್ಲ. ಎರಡು ಮಾರ್ಗದಲ್ಲಿ ಯಾವುದು ಅಂತ ನನ್ನ ಹತ್ರ ಕೇಳಿದ್ರೆ ನಾನು ಇದನ್ನೇ ಹೇಳುದು, ಯಾಕಂದ್ರೆ ಬಟ್ಟೆ ಮುಟ್ಟಿ ನೋಡಿರ್ತೀರಿ, ಗಿರಾಕಿ ಕೇಳಿದ್ರೆ ಗೊತ್ತಿದ್ದೇ ಹೇಳ್ಬಹುದು.

ಮೂರನೇದು ಸಲಂ. ಸಾಮಾನು ಮುಂದೆ ಕೊಡುದು, ಪೂರ್ತಿ ದುಡ್ಡು ಈಗಲೇ. ಯಾರು ಮುಂಗಡ ಕೊಟ್ಟು ಖರೀದಿಸ್ತಾರೋ ಅವರು ಗೊತ್ತಾದ ಅಳತೆ, ಗೊತ್ತಾದ ತೂಕ, ಗೊತ್ತಾದ ಅವಧಿಗೆ ಮಾಡ್ಲಿ ಅಂತ ಹದೀಸ್ ಉಂಟು. ಹಾಗಾಗಿ ಬಟ್ಟೆ ಯಾವುದು, ಸೈಜ್ 54 ಅಥವಾ 56, ಬಣ್ಣ, ಎಷ್ಟು ಪೀಸ್, ಯಾವ ತಾರೀಖಿಗೆ, ಎಲ್ಲಿಗೆ ತಲುಪಿಸುದು, ಎಲ್ಲ ಬರೆದಿರ್ಬೇಕು. ಅರ್ಧ ಈಗ ಅರ್ಧ ಆಮೇಲೆ ಅಂದ್ರೆ ಸಲಂ ಆಗುದಿಲ್ಲ, ಕ್ಯಾಶ್ ಆನ್ ಡೆಲಿವರಿಯೂ ಆಗುದಿಲ್ಲ.

ಹೊಲಿಸಿ ಕೊಡುವವರು, ಕೇಕ್ ಮಾಡಿ ಕೊಡುವವರು ಇಲ್ಲಿ ಗಮನ ಕೊಡಿ. ಹನಫಿಗಳಲ್ಲಿ ಇಸ್ತಿಸ್ನಾ ಅಂತ ಒಂದು ಒಪ್ಪಂದ ಉಂಟು, ಮಾಡಿಸಿ ಕೊಡುವ ಆರ್ಡರ್, ಅದರಲ್ಲಿ ಸ್ವಲ್ಪ ಅಡ್ವಾನ್ಸ್ ಸಾಕು. ಶಾಫಿಈಗಳು ಅದನ್ನು ಬೇರೆ ಒಪ್ಪಂದ ಅಂತ ಒಪ್ಪುದಿಲ್ಲ, ಸಲಂನ ಷರತ್ತೇ ಹಾಕ್ತಾರೆ, ಅಂದ್ರೆ ಪೂರ್ತಿ ಮುಂಗಡ. ಅಬಾಯ ಹೊಲಿಯುವವರಿಗೆ ಅದಕ್ಕಿಂತ ಸರಳ ದಾರಿ, ನಿಮ್ಮಲ್ಲಿರುವ ಬಟ್ಟೆಯನ್ನು ಮೊದಲು ಮಾರಿಬಿಡಿ, ಹೊಲಿಗೆಗೆ ಬೇರೆ ಕೂಲಿ ಮಾತಾಡಿ, ಬಿಲ್ಲಲ್ಲಿ ಎರಡು ಸಾಲು ಬರೆಯಿರಿ.

ಇನ್ನು ದಾರಿಯಲ್ಲಿ ಪಾರ್ಸೆಲ್ ಕಳೆದುಹೋದ್ರೆ? "ನಾನು ಕಳಿಸಿ ಆಯ್ತು, ಕೊರಿಯರ್‌ನವರ ಹತ್ರ ಕೇಳಿ" ಅಂತ ಟ್ರ್ಯಾಕಿಂಗ್ ನಂಬರ್ ಕೊಟ್ಟು ಕೈ ತೊಳಕೊಳ್ಳುವವರನ್ನು ಕಂಡ್ರೆ ನನಗೆ ಬಹಳ ಬೇಸರ ಆಗ್ತದೆ. ಮನೆಗೆ ತಲುಪಿಸ್ತೇನೆ ಅಂತ ದುಡ್ಡು ತಗೊಂಡಿದ್ದೀರಿ, ತಲುಪುವ ತನಕ ಹೊಣೆ ನಿಮ್ಮದು. ಗಿರಾಕಿಗೆ ದುಡ್ಡು ವಾಪಸ್ ಕೊಡಿ, ಕೊರಿಯರ್‌ನವರ ಹತ್ರ ಜಗಳ ನೀವು ಮಾಡಿ.

ಹಂತ 4: ಫೋಟೋ, ವಿವರಣೆ, ತೂಕ

ಪ್ರವಾದಿಯವರು (ಸ) ಒಂದು ಸಲ ಪೇಟೆಯಲ್ಲಿ ಧಾನ್ಯದ ರಾಶಿ ಹತ್ರ ಹೋಗಿ ಕೈ ಒಳಗೆ ಹಾಕಿದ್ರು, ಬೆರಳಿಗೆ ಒದ್ದೆ ತಾಗಿತು. ಎಂತ ಇದು ಅಂತ ಕೇಳಿದ್ದಕ್ಕೆ ಮಳೆ ಬಿದ್ದದ್ದು ಅಂದ ವ್ಯಾಪಾರಿ. ಜನರಿಗೆ ಕಾಣುವ ಹಾಗೆ ಮೇಲೆ ಯಾಕೆ ಇಡ್ಲಿಲ್ಲ, ಮೋಸ ಮಾಡುವವನು ನಮ್ಮವನಲ್ಲ ಅಂದ್ರು. ಸಹೀಹ್ ಮುಸ್ಲಿಂ ಅನ್ನುವ ಹದೀಸ್ ಗ್ರಂಥದಲ್ಲಿ ಉಂಟು ಇದು. ಜೂನ್ ಜುಲೈಯಲ್ಲಿ ನಮ್ಮ ಊರಲ್ಲಿ ಒಣ ಸಾಮಾನು ಮಾರುವವರಿಗೆ ಇದರ ಅರ್ಥ ಬಿಡಿಸಿ ಹೇಳ್ಬೇಕಾ? ಗಾಳಿಯಲ್ಲೇ ನೀರು, ಡಬ್ಬ ಒಂದು ಗಂಟೆ ತೆರೆದಿಟ್ರೆ ಗೇರುಬೀಜ ಮೆತ್ತಗೆ, ಖರ್ಜೂರದ ಬುಡದಲ್ಲಿ ಅಂಟು. ಮೇಲೆ ಒಳ್ಳೇದು ಹಾಕಿ ಫೋಟೋ ತೆಗೆದು ಕೆಳಗಿಂದ ತುಂಬಿಸಿ ಕಳಿಸಿದ್ರೆ ಅದು ಆ ಒದ್ದೆ ರಾಶಿಯೇ.

ಗೇರುಬೀಜದ ವಿಷಯ ಸ್ವಲ್ಪ ಬಿಡಿಸಿ ಹೇಳ್ತೇನೆ, ಯಾಕಂದ್ರೆ ಇಲ್ಲಿಂದ ಆನ್‌ಲೈನಲ್ಲಿ ಹೊರಗೆ ಹೋಗುವ ಸಾಮಾನಲ್ಲಿ ಇದು ದೊಡ್ಡದು. ಡಬ್ಲ್ಯೂ 240, ಡಬ್ಲ್ಯೂ 320 ಅಂತ ಗ್ರೇಡ್ ಇರ್ತದೆ. ಆ ನಂಬರ್ ಒಂದು ಪೌಂಡಿಗೆ, ಅಂದ್ರೆ ಸುಮಾರು 454 ಗ್ರಾಮಿಗೆ, ಎಷ್ಟು ಇಡೀ ಬೀಜ ಬರ್ತದೆ ಅಂತ. ನಂಬರ್ ಸಣ್ಣ ಆದಷ್ಟು ಬೀಜ ದೊಡ್ಡದು, ರೇಟೂ ಜಾಸ್ತಿ. 240ರಲ್ಲಿ ಪೌಂಡಿಗೆ 220ರಿಂದ 240, 320ರಲ್ಲಿ 300ರಿಂದ 320. ಮನೆಯಲ್ಲೇ ನೋಡ್ಬಹುದು, 100 ಗ್ರಾಂ ತೂಗಿ ಎಣಿಸಿ, 240 ಆದ್ರೆ 48ರಿಂದ 53ರ ಒಳಗೆ, 320 ಆದ್ರೆ 66ರಿಂದ 71ರ ಹತ್ರ ಬರ್ತದೆ. ಸಪ್ಲೈಯರ್ 240 ಅಂತ ಕೊಟ್ಟದ್ದರಲ್ಲಿ 60 ಬಂತು ಅಂದ್ರೆ ಯಾರೋ ಬೆರೆಸಿದ್ದಾರೆ. ಆಗ ಎರಡೇ ದಾರಿ, ವಾಪಸ್ ಕೊಡಿ, ಇಲ್ಲದಿದ್ರೆ "ಮಿಕ್ಸ್" ಅಂತ ಬರೆದು ಕಮ್ಮಿ ರೇಟಿಗೆ ಮಾರಿ. ನನಗೆ ಅವ ಹಾಗೆ ಕೊಟ್ಟ ಅಂತ ನೀವೂ ಮುಂದೆ 240 ಅಂತ ದಾಟಿಸುವಂತಿಲ್ಲ, ಗೊತ್ತಾದ ಮೇಲೆ ಮೋಸ ನಿಮ್ಮದು. ತುಂಡು ಬೀಜ ಎಷ್ಟು ಉಂಟು ಅಂತಲೂ ಹೇಳಿ.

ತೂಕ ಅಂದ್ರೆ ನೆಟ್ ತೂಕ. ಡಬ್ಬ, ಕವರ್ ಸೇರಿಸಿ 500 ಗ್ರಾಂ ಮಾಡುದು ಸೂರಃ ಅಲ್‌ಮುತಫ್ಫಿಫೀನ್‌ನ ಮೊದಲ ಆಯತ್‌ಗಳಲ್ಲಿ ವಿನಾಶ ಅಂತ ಎಚ್ಚರಿಸಿದ ಕೆಲಸವೇ, ಅಳೆದು ತಗೊಳ್ಳುವಾಗ ಪೂರ್ತಿ, ಕೊಡುವಾಗ ಕಮ್ಮಿ. ಪ್ಯಾಕ್ ಮಾಡಿದ ಸಾಮಾನಿನ ಮೇಲೆ ನೆಟ್ ತೂಕ, ಎಂಆರ್‌ಪಿ, ಪ್ಯಾಕ್ ಮಾಡಿದವರ ಹೆಸರು ವಿಳಾಸ ಇರ್ಬೇಕು ಅಂತ ನಮ್ಮ ದೇಶದ ಕಾನೂನೂ ಹೇಳ್ತದೆ.

ಬಟ್ಟೆ ಮಾರುವವರು ಫಿಲ್ಟರ್ ಹಾಕ್ಬೇಡಿ, ಹಗಲು ಬೆಳಕಲ್ಲಿ ಒಂದು ಫೋಟೋ, ಬಟ್ಟೆಯ ಹತ್ರದ ಒಂದು ವಿಡಿಯೋ ಹಾಕಿ. ಕಂಪನಿಯವರ ಮಾಡೆಲ್ ಫೋಟೋ ಹಾಕಿ ಬೇರೆಯೇ ಬಟ್ಟೆ ಕಳಿಸುದು ಈಗ ಬಹಳ ಆಗಿದೆ. ಹೆಂಗಸರ ಫೋಟೋ ಹಾಕದೆ ಹ್ಯಾಂಗರಲ್ಲೋ ಬೊಂಬೆಯಲ್ಲೋ ತೋರಿಸಿದ್ರೂ ವ್ಯಾಪಾರ ಚೆನ್ನಾಗೇ ಆಗ್ತದೆ. ಒಂದು ನೂಲು ಎದ್ದಿದ್ರೂ ಅದರ ಫೋಟೋ ಸಮೇತ ಹೇಳಿ ಮಾರಿ. ಶಾಫಿಈಗಳಲ್ಲಿ ಕಣ್ಣಾರೆ ನೋಡದ ಒಂದು ನಿರ್ದಿಷ್ಟ ವಸ್ತುವನ್ನು ಮಾರುದರ ಬಗ್ಗೆ ಬಿಗಿ ಜಾಸ್ತಿ, ಹಾಗಾಗಿ ಗುಣ, ಅಳತೆ ಎಲ್ಲ ವಿವರಿಸಿ ಹೊಣೆಯ ಮೇಲೆ ಮಾರುವ ರೀತಿಯಲ್ಲಿ ಪೋಸ್ಟ್ ಹೇಗೆ ಬರೆಯುದು ಅಂತ ಉಸ್ತಾದರ (ಧರ್ಮ ಗುರುಗಳ) ಹತ್ರ ಒಂದು ಸಲ ತೋರಿಸಿ.

ಹಂತ 5: ರೇಟು, ಆಫರ್, ರಿವ್ಯೂ

ಲಾಭಕ್ಕೆ ಶೇಕಡಾ ಇಷ್ಟೇ ಅಂತ ಶರೀಅತ್‌ನಲ್ಲಿ ಮಿತಿ ಇಲ್ಲ, ಎಂಆರ್‌ಪಿ ಮೀರುವಂತಿಲ್ಲ ಅನ್ನುದು ಕಾನೂನು. ಇಬ್ಬರೂ ಒಪ್ಪಿ ಮಾಡುವ ವ್ಯಾಪಾರ ಅಂತ ಕುರ್‌ಆನ್ 4:29ರಲ್ಲಿ ಉಂಟು, ಒಪ್ಪಿಗೆ ಅಂದ್ರೆ ಗೊತ್ತಿದ್ದು ಒಪ್ಪುದು. ಅದಕ್ಕೇ "ರೇಟಿಗೆ ಇನ್‌ಬಾಕ್ಸ್ ಮಾಡಿ" ಅಂತ ಹಾಕಿ ಆಳು ನೋಡಿ ಬೆಲೆ ಹೇಳುವ ಪದ್ಧತಿ ಬಿಡಿ, ಗಲ್ಫ್ ನಂಬರ್ ಕಂಡ್ರೆ ಒಂದು ರೇಟು ಊರಿನ ನಂಬರಿಗೆ ಒಂದು ರೇಟು ಬೇಡ. ರೇಟು, ಡೆಲಿವರಿ ಚಾರ್ಜು ಎಲ್ಲ ಪೋಸ್ಟಲ್ಲೇ ಹಾಕಿ. ಕೊನೆಗೆ ಪ್ಯಾಕಿಂಗ್ ಚಾರ್ಜ್ ಅಂತ ಇನ್ನೊಂದು ಸೇರಿಸ್ಬೇಡಿ.

ನಜಶ್ ಅಂದ್ರೆ ತಾನು ತಗೊಳ್ಳುವ ಉದ್ದೇಶ ಇಲ್ಲದೆ ಬೇರೆಯವರನ್ನು ಮರುಳು ಮಾಡ್ಲಿಕ್ಕೆ ಬೆಲೆ ಏರಿಸುದು, ಇದನ್ನು ಪ್ರವಾದಿಯವರು (ಸ) ನಿಷೇಧಿಸಿದ್ದಾರೆ. ಈಗ ಅದರ ರೂಪ ಬೇರೆ. ಫ್ರೆಂಡಿಗೆ ಹೇಳಿ "ನನಗೆ ಎರಡು ಬೇಕು" ಅಂತ ಕಾಮೆಂಟ್ ಹಾಕಿಸುದು, ತಂಗಿಯ ಅಕೌಂಟಿಂದ ಐದು ಸ್ಟಾರ್ ಕೊಡಿಸುದು, ಮೂವತ್ತು ಪೀಸ್ ಇದ್ದು "ಎರಡೇ ಉಳಿದದ್ದು" ಅನ್ನುದು, ಪ್ರತಿದಿನ "ಇವತ್ತು ಕೊನೆ ದಿನ" ಅನ್ನುದು, 1,000ದ ಸಾಮಾನಿಗೆ 2,500 ಬರೆದು ಗೀಟು ಹಾಕಿ 60% ಆಫ್ ಅನ್ನುದು. ಇದನ್ನೆಲ್ಲ ಮಾರ್ಕೆಟಿಂಗ್ ಕ್ಲಾಸಲ್ಲಿ ಟೆಕ್ನಿಕ್ ಅಂತ ಕಲಿಸ್ತಾರೆ, ಕಲಿಯುವ ಹುಡುಗರಿಗೆ ಅದು ಸುಳ್ಳು ಅಂತ ಅನಿಸುದೇ ಇಲ್ಲ, ನನಗೆ ಹೆಚ್ಚು ಚಿಂತೆ ಅದೇ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರಲ್ಲಿ ಇಂಥ 13 ಬಗೆಯ ತಂತ್ರಗಳನ್ನು ಡಾರ್ಕ್ ಪ್ಯಾಟರ್ನ್ ಅಂತ ಪಟ್ಟಿ ಮಾಡಿದೆ, ಸುಳ್ಳು ತುರ್ತು, ಕೊನೆಗೆ ಚಾರ್ಜ್ ಸೇರಿಸುದು ಎರಡೂ ಅದರಲ್ಲಿ ಉಂಟು. ಮಾರುವವರೇ ಗಿರಾಕಿ ವೇಷದಲ್ಲಿ ರಿವ್ಯೂ ಬರೆಯುದನ್ನು 2020ರ ಇ-ಕಾಮರ್ಸ್ ನಿಯಮವೇ ತಡೀತದೆ.

ಮತ್ತೆ "ವಲ್ಲಾಹಿ ನನಗೇ ಇಷ್ಟಕ್ಕೆ ಬಿದ್ದದ್ದು" ಅಂತ ಆಣೆ ಹಾಕುವ ಚಾಳಿ. ಆಣೆ ಸಾಮಾನು ಖಾಲಿ ಮಾಡ್ತದೆ, ಬರ್ಕತ್ತನ್ನೂ (ದೇವರ ಅನುಗ್ರಹವನ್ನೂ) ತೆಗೆದುಬಿಡ್ತದೆ ಅಂತ ಬುಖಾರಿ ಹದೀಸ್ ಗ್ರಂಥದಲ್ಲಿ ಉಂಟು. ನಿಜ ಆದ್ರೂ ವ್ಯಾಪಾರಕ್ಕೆ ಆಣೆ ಬೇಡ.

ಹಂತ 6: ದುಡ್ಡು ತಗೊಳ್ಳುದು

ಯುಪಿಐ ಸರಳ. ಪೇಮೆಂಟ್ ಗೇಟ್‌ವೇಯವರು ಶೇಕಡಾವಾರು ಚಾರ್ಜ್ ಹಿಡಿತಾರಲ್ಲ ಅದು ಬಡ್ಡಿಯಾ ಅಂತ ಕೇಳ್ತಾರೆ, ಅಲ್ಲ, ಅದು ಸೇವೆಯ ಕೂಲಿ. ಆದ್ರೆ ನಿಮಗೆ ಬರಬೇಕಾದ ದುಡ್ಡನ್ನು ಬೇಗ ಕೊಡ್ತೇವೆ ಅಂತ ಮೊತ್ತದಲ್ಲಿ ಕಡಿತ ಮಾಡುವ ಸ್ಕೀಂ ಇದ್ರೆ ಅದರ ಷರತ್ತು ಓದಿ, ತಿಳಿದವರ ಹತ್ರ ಕೇಳಿ ಆಮೇಲೆ ಒತ್ತಿ.

ಕಂತಲ್ಲಿ ಮಾರ್ಬಹುದು. ರೊಕ್ಕಕ್ಕೆ 10,000, ಆರು ಕಂತಿಗೆ 11,000 ಅಂತ ಎರಡು ಬೆಲೆ ಹೇಳಿ, ಗಿರಾಕಿ ಒಂದನ್ನು ಆರಿಸಿದ ಮೇಲೆ ಅದೇ ಬೆಲೆ ಅಂತ ನಿಂತ್ರೆ ಹೆಚ್ಚಿನ ಉಲಮಾಗಳ ಪ್ರಕಾರ ತೊಂದರೆ ಇಲ್ಲ. ಕಂತು ತಡ ಆಯ್ತು ಅಂತ ಮೇಲೆ ದುಡ್ಡು ಸೇರಿಸಿದ್ರೆ ಬಡ್ಡಿ ಆಯ್ತು. ಇನ್ನು ನೋ ಕಾಸ್ಟ್ ಇಎಂಐ, ಹೆಸರು ಹಾಗಿದ್ರೂ ಹೆಚ್ಚಾಗಿ ಒಳಗೆ ಬ್ಯಾಂಕ್ ಬಡ್ಡಿ ಹಾಕಿಯೇ ಇರ್ತದೆ, ಅಷ್ಟೇ ಮೊತ್ತವನ್ನು ಡಿಸ್ಕೌಂಟ್ ಅಂತ ಕಳೆದು ತೋರಿಸ್ತಾರೆ. ನಿಮ್ಮ ವೆಬ್‌ಸೈಟಲ್ಲಿ ಆ ಆಪ್ಶನ್ ಆಫ್ ಮಾಡಿಡಿ.

ಕ್ಯಾಶ್ ಆನ್ ಡೆಲಿವರಿ ಕೈಯಲ್ಲಿರುವ ಸಾಮಾನಿಗೆ ಆಗ್ತದೆ.

ಹಂತ 7: ವಾಪಸ್ ತಗೊಳ್ಳುದು

"ನೋ ರಿಟರ್ನ್ ನೋ ಎಕ್ಸ್‌ಚೇಂಜ್" ಅಂತ ದಪ್ಪ ಅಕ್ಷರದಲ್ಲಿ ಹಾಕಿದ್ರೆ ಮುಗೀತು ಅಂತ ತಿಳ್ಕೊಂಡವರು ಬಹಳ. ಸಾಮಾನಲ್ಲಿ ಮುಚ್ಚಿಟ್ಟ ಕೊರತೆ ಇದ್ರೆ ವಾಪಸ್ ಕೊಡುವ ಹಕ್ಕು ಗಿರಾಕಿಗೆ ಉಂಟು, ಅದಕ್ಕೆ ಖಿಯಾರುಲ್ ಐಬ್ ಅಂತಾರೆ. 2020ರ ಇ-ಕಾಮರ್ಸ್ ನಿಯಮದಲ್ಲೂ ಹಾಳಾದ, ಹೇಳಿದ ಹಾಗೆ ಇಲ್ಲದ ಸಾಮಾನನ್ನು ವಾಪಸ್ ತಗೊಳ್ಳುದಿಲ್ಲ ಅನ್ನುವಂತಿಲ್ಲ. ಅನ್‌ಬಾಕ್ಸಿಂಗ್ ವಿಡಿಯೋ ಕೇಳ್ಬಹುದು, ಆದ್ರೆ ವಿಡಿಯೋ ಇಲ್ಲ ಅನ್ನುವ ಒಂದೇ ಕಾರಣಕ್ಕೆ ಕಣ್ಣಿಗೆ ಕಾಣುವ ಹರಕನ್ನು ಇಲ್ಲ ಅನ್ನಬೇಡಿ.

ಸೈಜ್ ಆಗ್ಲಿಲ್ಲ, ಮನಸ್ಸು ಬದಲಾಯ್ತು ಅಂತ ಬಂದ್ರೆ? ತಗೊಳ್ಳುದು ಕಡ್ಡಾಯ ಅಲ್ಲ. ಆದ್ರೆ ವಿಷಾದಪಟ್ಟು ಬಂದವನ ವ್ಯಾಪಾರವನ್ನು ರದ್ದು ಮಾಡಿ ಕೊಟ್ಟವನ ತಪ್ಪನ್ನು ಅಲ್ಲಾಹನು ಮನ್ನಿಸ್ತಾನೆ ಅಂತ ಹದೀಸ್ ಗ್ರಂಥ ಅಬೂದಾವೂದ್‌ನಲ್ಲಿ ಉಂಟು, ಇದಕ್ಕೆ ಇಕಾಲ ಅಂತ ಹೆಸರು. ಮೂರು ದಿನದೊಳಗೆ ಆದ್ರೆ ತಗೊಳ್ತೇನೆ, ಕೊರಿಯರ್ ಖರ್ಚು ನಿಮ್ಮದು ಅಂತ ಮೊದಲೇ ಹೇಳಿಟ್ರೆ ಇಬ್ಬರಿಗೂ ಸುಲಭ. ದುಡ್ಡೇ ವಾಪಸ್ ಕೊಡಬೇಕಾದಲ್ಲಿ "ಕ್ರೆಡಿಟ್ ನೋಟ್ ಮಾತ್ರ" ಅಂತ ಕಟ್ಟಿಹಾಕ್ಬೇಡಿ.

ಹಂತ 8: ಕೆಲಸದವರು, ಗಿರಾಕಿಗಳ ಗುಟ್ಟು, ಜುಮಾ

ಪ್ಯಾಕಿಂಗ್‌ಗೆ ಬರುವ ಹುಡುಗ, ಹೊಲಿದು ಕೊಡುವ ಪಕ್ಕದ ಮನೆಯ ಅಕ್ಕ, ಡೆಲಿವರಿಗೆ ಬೈಕ್ ಓಡಿಸುವವರು, ಇವರ ಕೂಲಿ ಬೆವರು ಆರುವ ಮೊದಲು ಕೊಡಿ ಅಂತ ಹದೀಸ್ ಉಂಟು. "ಗಿರಾಕಿ ದುಡ್ಡು ಬಂದ ಮೇಲೆ ಕೊಡ್ತೇನೆ" ಅನ್ನುದು ನಿಮ್ಮ ಸಮಸ್ಯೆಯನ್ನು ಅವರ ತಲೆಗೆ ಹಾಕಿದ್ದು.

ಗಿರಾಕಿಗಳ ನಂಬರು, ವಿಳಾಸ, ಅಳತೆ, ಫೋಟೋ ಎಲ್ಲ ಅಮಾನತ್ತು, ಅಂದ್ರೆ ನಂಬಿ ಕೊಟ್ಟದ್ದು. ಹೆಂಗಸರು ಸೈಜ್ ನೋಡ್ಲಿಕ್ಕೆ ಕಳಿಸಿದ ಫೋಟೋ ಕೆಲಸ ಆದ ಕೂಡಲೇ ಡಿಲೀಟ್ ಮಾಡಿ. ಕೇಳದೆ ಅವರ ನಂಬರನ್ನು ಗ್ರೂಪಿಗೆ ಸೇರಿಸ್ಬೇಡಿ, ಅವರ ಮೆಸೇಜಿನ ಸ್ಕ್ರೀನ್‌ಶಾಟ್ ಸ್ಟೇಟಸ್ ಹಾಕ್ಬೇಡಿ. ಮನೆಯಿಂದ ವ್ಯಾಪಾರ ಮಾಡುವ ಹೆಂಗಸರ ದುಡಿಮೆ ಅವರದ್ದೇ, ಗಂಡಸರು ಗಳಿಸಿದ್ದು ಅವರಿಗೆ, ಹೆಂಗಸರು ಗಳಿಸಿದ್ದು ಅವರಿಗೆ ಅಂತ ಕುರ್‌ಆನ್ 4:32ರಲ್ಲಿ ಉಂಟು, ಗಂಡನೋ ಅಣ್ಣನೋ ಗೂಗಲ್ ಪೇ ನಂಬರ್ ತನ್ನದು ಇಟ್ಟುಕೊಂಡು ಲೆಕ್ಕ ಕೊಡದೆ ಇರುದು ಸರಿಯಲ್ಲ.

ಶುಕ್ರವಾರ ಜುಮಾದ ಎರಡನೇ ಬಾಂಗ್ (ನಮಾಝಿನ ಕರೆ) ಆದ ಮೇಲೆ ನಮಾಝ್ ಮುಗಿಯುವ ತನಕ ಜುಮಾ ಕಡ್ಡಾಯ ಇರುವವರು ವ್ಯಾಪಾರ ಬಿಡ್ಬೇಕು. ವಾಟ್ಸಾಪ್ ಬಿಸ್ನೆಸಲ್ಲಿ ಈಗ ಇಲ್ಲ ಅಂತ ತಿಳಿಸುವ ಅವೇ (away) ಮೆಸೇಜ್ ಹಾಕಿಡ್ಲಿಕ್ಕೆ ಆಗ್ತದೆ, "2 ಗಂಟೆ ನಂತರ ಉತ್ತರಿಸ್ತೇವೆ" ಅಂತ.

ಹಂತ 9: ಝಕಾತ್ ಲೆಕ್ಕ

ಚಂದ್ರಮಾನದ ಒಂದು ತಾರೀಖು ಗುರುತು ಮಾಡಿ, ಉದಾಹರಣೆಗೆ ರಮಳಾನ್ 1. ಆ ದಿನ ಮಾರ್ಲಿಕ್ಕೆ ಇಟ್ಟ ಸ್ಟಾಕನ್ನು ಕೊಂಡ ರೇಟಲ್ಲಿ ಅಲ್ಲ, ಆ ದಿನದ ಮಾರುಕಟ್ಟೆ ರೇಟಲ್ಲಿ ಲೆಕ್ಕ ಹಾಕಿ. ಅದಕ್ಕೆ ಕೈಯಲ್ಲಿರುವ ಮತ್ತು ಬ್ಯಾಂಕಲ್ಲಿರುವ ದುಡ್ಡು, ಗೇಟ್‌ವೇಯಲ್ಲಿ ಸಿಕ್ಕಿಕೊಂಡದ್ದು, ಖಂಡಿತ ಬರುವ ಬಾಕಿ ಸೇರಿಸಿ. ಹೊಲಿಗೆ ಮೆಷಿನ್, ಲ್ಯಾಪ್‌ಟಾಪ್, ಕ್ಯಾಮೆರಾ, ಡೆಲಿವರಿ ಬೈಕ್ ಸೇರುದಿಲ್ಲ, ಅದು ಮಾರುವ ಸಾಮಾನಲ್ಲ.

ಒಂದು ಲೆಕ್ಕ ನೋಡಿ. ಸ್ಟಾಕ್ 3,20,000, ಬ್ಯಾಂಕಲ್ಲಿ 90,000, ಗೇಟ್‌ವೇಯಲ್ಲಿ 15,000, ಬರಬೇಕಾದ್ದು 25,000. ಒಟ್ಟು 4,50,000. ಸಪ್ಲೈಯರಿಗೆ ನೀವು ಕೊಡ್ಬೇಕಾದ್ದು 50,000. ಹನಫಿಗಳು ಆ ಸಾಲ ಕಳೆದು 4,00,000ಕ್ಕೆ ಎರಡೂವರೆ ಶೇಕಡಾ, 10,000 ಕೊಡ್ತಾರೆ. ಶಾಫಿಈಗಳ ಪ್ರಬಲ ಅಭಿಪ್ರಾಯದಲ್ಲಿ ಸಾಲ ಝಕಾತನ್ನು ತಡೆಯುದಿಲ್ಲ, ಹಾಗಾಗಿ 4,50,000ಕ್ಕೆ 11,250. ಝಕಾತ್ ಕಡ್ಡಾಯ ಆಗುವ ಕನಿಷ್ಠ ಮೊತ್ತಕ್ಕೆ ನಿಸಾಬ್ ಅಂತಾರೆ, ಸಾಮಾನ್ಯ ಲೆಕ್ಕದಲ್ಲಿ 85 ಗ್ರಾಂ ಚಿನ್ನ ಅಥವಾ 595 ಗ್ರಾಂ ಬೆಳ್ಳಿಯ ಬೆಲೆ. ವ್ಯಾಪಾರದ ಝಕಾತ್‌ಗೆ ಶಾಫಿಈಗಳು ನಿಸಾಬ್ ನೋಡುದು ವರ್ಷದ ಕೊನೆಯಲ್ಲಿ, ನಡುವೆ ಸ್ಟಾಕ್ ಕಮ್ಮಿ ಆಗಿತ್ತು ಅಂತ ಬಿಡ್ಲಿಕ್ಕಿಲ್ಲ. ಮಾರ್ಚ್ 31ರ ಇನ್‌ಕಮ್ ಟ್ಯಾಕ್ಸ್ ಲೆಕ್ಕಕ್ಕೂ ಇದಕ್ಕೂ ಸಂಬಂಧ ಇಲ್ಲ, ಟ್ಯಾಕ್ಸ್ ಕಟ್ಟಿದ್ದು ಝಕಾತ್ ಆಗುದಿಲ್ಲ.

ಉಸ್ತಾದರ ಹತ್ರ ಕೇಳ್ಲಿಕ್ಕೆ ಹೋಗುವಾಗ

"ಡ್ರಾಪ್‌ಶಿಪ್ಪಿಂಗ್ ಹಲಾಲಾ" ಅಂತ ಒಂದು ಸಾಲು ಕೇಳಿದ್ರೆ ಯಾರಿಗೂ ಸರಿಯಾಗಿ ಉತ್ತರ ಕೊಡ್ಲಿಕ್ಕೆ ಆಗುದಿಲ್ಲ, ಆ ಶಬ್ದಗಳು ಅವರಿಗೆ ಪರಿಚಯ ಇರ್ಬೇಕು ಅಂತಲೂ ಇಲ್ಲ. ಒಂದು ಹಾಳೆಯಲ್ಲಿ ಬರೆದು ತಗೊಂಡು ಹೋಗಿ: ಸಾಮಾನು ಈಗ ಯಾರ ಹತ್ರ ಉಂಟು, ಗಿರಾಕಿ ದುಡ್ಡು ಯಾವಾಗ ಕೊಡ್ತಾರೆ, ಪೂರ್ತಿಯಾ ಅರ್ಧವಾ, ನಾನು ಸಪ್ಲೈಯರಿಗೆ ಯಾವಾಗ ಕೊಡ್ತೇನೆ, ಸಾಮಾನು ಯಾರ ಕೈಯಿಂದ ಯಾರ ಕೈಗೆ ಹೋಗ್ತದೆ, ದಾರಿಯಲ್ಲಿ ಹಾಳಾದ್ರೆ ಯಾರು ಕೊಡುದು, ನನ್ನ ಲಾಭ ಎಲ್ಲಿಂದ. ಗಿರಾಕಿಗೆ ಕಳಿಸುವ ಮೆಸೇಜಿನ ಪ್ರತಿ, ಒಂದು ಬಿಲ್, ಸಪ್ಲೈಯರ್ ಜೊತೆ ಆದ ಮಾತಿನ ಪ್ರತಿ ಜೊತೆಗಿರ್ಲಿ. ಉತ್ತರ ಸಿಕ್ಕಿದ ಮೇಲೆ ತಾರೀಖು ಹಾಕಿ ಅದೇ ಹಾಳೆಯ ಹಿಂದೆ ಬರೆದಿಟ್ಟುಕೊಳ್ಳಿ, ಮುಂದೆ ವ್ಯಾಪಾರದ ರೀತಿ ಬದಲಾದ್ರೆ ಆ ಹಾಳೆ ಹಿಡ್ಕೊಂಡೇ ಮತ್ತೆ ಹೋಗಿ ಕೇಳಿ.